ಮೊಲದ ಬೆನ್ನು

“ಗುರುಗಳೇ, ಈ ವರ್ಷ ಸೇರಿದ ಶಿಷ್ಯ ಮಹಾಂತ ಏನಾದರೂ ಕೇಳಿದರೆ ಒಂದು ಗಂಟೆ ಬಿಡಿಸಿ ಹೇಳುತ್ತೀರಿ. ನಾನು ಕೇಳಿದರೆ ‘ಹೋಗು, ಯೋಚಿಸು’ ಎನ್ನುತ್ತೀರಿ. ಇದೇಕೆ?”

ಕೇಳಿದವನು ಚನ್ನಮಲ್ಲ. ಮಠಕ್ಕೆ ಬಂದ ಮೊದಲ ವರ್ಷ ಅವನಿಗೂ ಉದ್ದುದ್ದ ಉತ್ತರ ಸಿಗುತ್ತಿತ್ತು. ಈ ವರ್ಷ ನಿಂತಿತ್ತು. ತಾನು ಮಾಡಿದ ತಪ್ಪೇನೆಂದು ಎಷ್ಟು ಹುಡುಕಿದರೂ ಅವನಿಗೆ ಸಿಗಲಿಲ್ಲ. ಬೆಳಗ್ಗೆ ನಮಸ್ಕಾರ ಮಾಡುವಾಗ ಗುರುಗಳು ಪ್ರತಿ ಶಿಷ್ಯನ ಬೆನ್ನ ಮೇಲೂ ಒಮ್ಮೆ ಕೈಯಾಡಿಸುತ್ತಿದ್ದರು. ಅವನ ಬೆನ್ನನ್ನೂ ಬಿಡುತ್ತಿರಲಿಲ್ಲ. ಆಶೀರ್ವಾದವಾದರೂ ಉಳಿದಿದೆಯಲ್ಲ ಎಂದುಕೊಳ್ಳುತ್ತಿದ್ದ. ಇಂದು ಉತ್ತರ ಸಿಗದಿದ್ದರೆ ಬೇರೆ ಗುರುವನ್ನು ಹುಡುಕುವುದೆಂದು ಬಟ್ಟೆ ಗಂಟು ಕಟ್ಟಿಟ್ಟೇ ಬಂದಿದ್ದ.

ಗುರು ನಿರ್ವಾಣಯ್ಯನವರು ಸ್ವಲ್ಪ ಹಿಂಜರಿದರು. “ಒಂದು ಕತೆ ಇದೆ. ನನಗೆ ಕತೆ ಹೇಳಿ ರೂಢಿಯಿಲ್ಲ. ಹಿಂದುಮುಂದಾದರೆ ಹೊಟ್ಟೆಗೆ ಹಾಕಿಕೋ,” ಎಂದು ಶುರುಮಾಡಿದರು.

“ಒಬ್ಬ ರೈತ ಮೊಲ ಸಾಕಿದ್ದ. ಅದರಲ್ಲೊಂದು ಬಾಣಂತಿ ಮೊಲ ಮರಿಗಳಿಗೆ ಹಾಲೂಡಿಸಿ ಸೊರಗಿತ್ತು. ರೈತನಿಗೆ ತಿಳಿಯಲಿಲ್ಲ. ಏಕೆಂದರೆ ಮೊಲಕ್ಕೆ ತುಪ್ಪಳವಿರುತ್ತದೆ. ತುಪ್ಪಳ ದಟ್ಟವಾಗಿದ್ದರೆ ಎಲುಬು ಕಾಣುವುದಿಲ್ಲ. ಕಾಣದಿದ್ದರೆ ಮೊಲ ದುಂಡಗಿದೆ ಅನ್ನಿಸುತ್ತದೆ. ಇಷ್ಟು ಬಿಡಿಸಿ ಹೇಳಬೇಕಿರಲಿಲ್ಲವೇನೋ.”

“ಹೇಳಿ ಗುರುಗಳೇ,” ಎಂದ ಚನ್ನಮಲ್ಲ. ತನ್ನ ಪ್ರಶ್ನೆಗೂ ಮೊಲಕ್ಕೂ ಏನು ನಂಟೆಂದು ಅವನಿಗೆ ಕುತೂಹಲ ಹುಟ್ಟಿತ್ತು.

“ಪಕ್ಕದ ಮನೆಯ ಮುದುಕಿ ಮೊಲದ ಬೆನ್ನ ಮೇಲೆ ಕೈಯಾಡಿಸಿದಳು. ಎಲುಬು ರುದ್ರಾಕ್ಷಿ ಸರದಂತೆ ಬೆರಳಿಗೆ ಎಣಿಕೆಗೆ ಸಿಕ್ಕಿತು. ‘ಹುಲ್ಲಿನ ಜೊತೆ ದಿನಾ ಹೆಬ್ಬೆರಳಿನಷ್ಟು ಗಜ್ಜರಿ ಹಾಕು, ಇಲ್ಲವೇ ಗೆಣಸು ಹಾಕು. ಬೆನ್ನು ತುಂಬಿದ ಮೇಲೆ ನಿಲ್ಲಿಸು,’ ಎಂದಳು. ಗಜ್ಜರಿ ಎಂದರೆ ಕ್ಯಾರೆಟ್ಟು. ಸಿಹಿ ಗಡ್ಡೆ, ಬೇಗ ಮೈಗೆ ಹತ್ತುತ್ತದೆ.

“ತಿಂಗಳಲ್ಲಿ ಬೆನ್ನು ತುಂಬಿತು. ಆದರೆ ರೈತ ನಿಲ್ಲಿಸಲಿಲ್ಲ. ಗಜ್ಜರಿ ಕಂಡರೆ ಮೊಲ ಎರಡು ಕಾಲ ಮೇಲೆ ನಿಲ್ಲುತ್ತಿತ್ತು. ಅದನ್ನು ನೋಡುವುದು ಅವನಿಗೆ ಖುಷಿ. ಒಂದಿದ್ದದ್ದು ನಾಲ್ಕಾಯಿತು. ಮೊಲ ಹುಲ್ಲು ಮೂಸುವುದನ್ನೂ ಬಿಟ್ಟಿತು. ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತದೆ, ಚನ್ನಮಲ್ಲಾ. ಅದು ಸವೆಯುವುದು ಹುಲ್ಲು ಅಗಿದೇ. ಅಗಿಯದ ಹಲ್ಲು ಬೆಳೆದು ಸೊಟ್ಟಗಾಯಿತು. ಕೊನೆಗೆ ಮೊಲಕ್ಕೆ ಗಜ್ಜರಿಯನ್ನೂ ಕಚ್ಚಲಾಗಲಿಲ್ಲ. ರಾಶಿಯ ಮುಂದೆಯೇ ಉಪವಾಸ ಕುಳಿತಿತು.

“ರೈತ ಓಡಿಹೋಗಿ ಮುದುಕಿಯನ್ನು ಕರೆತಂದ. ‘ಅಜ್ಜೀ, ಗಜ್ಜರಿ ಕಡಿಮೆಯಾಯಿತೇ?’ ಎಂದು ಕೇಳಿದ.

“‘ಗಜ್ಜರಿ ಹಾಕಿದ ಕೈ ಬೆನ್ನು ಮುಟ್ಟಿ ಎಷ್ಟು ದಿನವಾಯಿತಪ್ಪಾ?’ ಎಂದಳು ಮುದುಕಿ.”

“ಮೊಲ ಬದುಕಿತೇ?” ಚನ್ನಮಲ್ಲ ಕೇಳಿದ. ಕಟ್ಟಿಟ್ಟ ಗಂಟು ಅವನಿಗೆ ಮರೆತೇಹೋಗಿತ್ತು.

“ಬದುಕಿತು. ಮುದುಕಿ ಹಲ್ಲು ಕತ್ತರಿಸಿ ಮತ್ತೆ ಹುಲ್ಲಿಗೆ ಹಚ್ಚಿದಳು. ಈಗ ಇದರ ಅರ್ಥ ಹೇಳುತ್ತೇನೆ. ಗಜ್ಜರಿ ಎಂದರೆ ಇಲ್ಲಿ... ಇರು, ಮೊದಲು ಹುಲ್ಲಿನದು ಹೇಳಬೇಕು. ಹುಲ್ಲು ಎಂದರೆ—”

ಒಳಗಿನಿಂದ ಅಡುಗೆಯ ಗಂಗವ್ವ ಕೂಗಿದಳು. “ಅಯ್ಯನವರ, ರೊಟ್ಟಿ ಆರಾಕ ಹತ್ಯಾವ. ನಿಮ್ಮ ಅರ್ಥ ಮುಗಿಯೂದ್ರಾಗ ಹಪ್ಪಳ ಆಗ್ತಾವ.”

ನಿರ್ವಾಣಯ್ಯನವರು ಮಾತನ್ನು ಅಲ್ಲಿಗೇ ಬಿಟ್ಟು ಎದ್ದರು. ಹೋಗುವಾಗ, ದಿನ ಬೆಳಗ್ಗೆ ಮಾಡುವಂತೆ, ಚನ್ನಮಲ್ಲನ ಬೆನ್ನ ಮೇಲೆ ಕತ್ತಿನಿಂದ ಸೊಂಟದವರೆಗೆ ನಿಧಾನವಾಗಿ ಕೈಯಾಡಿಸಿದರು.

“ನಿನ್ನ ಬೆನ್ನು ತುಂಬಿದೆ, ಉಳಿದದ್ದನ್ನು ನೀನೇ ಅಗಿ,” ಎಂದರು.

ಚನ್ನಮಲ್ಲ ಕಟ್ಟಿಟ್ಟ ಬಟ್ಟೆ ಗಂಟು ಬಿಚ್ಚಲು ಹೋದ.