ಕೆಳಗಿನ ಕೈ

ಬ್ರಹ್ಮಚಾರಿ ವಿಭಾಕರನ ಕೈಯಿಂದ ಸಕ್ಕರೆ ನೀರು ಕುಡಿಯಲು ಹೆಬ್ಬೆರಳಿನಷ್ಟು ಉದ್ದದ ಹಕ್ಕಿಯೊಂದು ಸ್ಪಷ್ಟವಾಗಿ ನಿರಾಕರಿಸಿತು. ಘಟನೆಯಲ್ಲಿ ಯಾರಿಗೂ ಗಾಯಗಳಾಗಲಿಲ್ಲ. ವಿಭಾಕರನ ಅಭಿಮಾನಕ್ಕೆ ಮಾತ್ರ ಪೆಟ್ಟು ಬಿತ್ತು. ಅದರ ಸ್ಥಿತಿ ಬಹಳ ಹೊತ್ತಿನವರೆಗೆ ಗಂಭೀರವಾಗಿತ್ತು.

ಇದು ನಡೆದದ್ದು ಕಡಲಾಚೆಯ ಒಂದು ಬಿಸಿಲು ದೇಶದಲ್ಲಿ, ಹೊಳೆದಂಡೆಯ ಪಕ್ಷಿಧಾಮದಲ್ಲಿ. ಅಲ್ಲಿನ ಹಮ್ಮಿಂಗ್ ಬರ್ಡ್‌ಗಳು ಮನುಷ್ಯರ ಕೈಯಿಂದಲೇ ಕುಡಿಯುತ್ತವೆ ಎಂದು ಹೆಸರುವಾಸಿ. ಹೂವಿನ ಮೇಲೆ ಕೂರದೆ, ಗಾಳಿಯಲ್ಲೇ ನಿಂತು, ರೆಕ್ಕೆ ಕಾಣದಷ್ಟು ವೇಗವಾಗಿ ಬಡಿಯುತ್ತ ಮಕರಂದ ಹೀರುವ ಹಕ್ಕಿ ಅದು.

ಗುರುಗಳು ಆ ದೇಶದ ಭಕ್ತರ ಕರೆಯ ಮೇಲೆ ಪ್ರವಚನಕ್ಕೆ ಹೋಗಿದ್ದರು. ಜೊತೆಗೆ ಶಿಷ್ಯ ವಿಭಾಕರ. ಪ್ರವಚನ ಮುಗಿದಿತ್ತು. ಮರುದಿನ ವಿಮಾನ. ನಡುವೆ ಉಳಿದ ದಿನದಂದು ವಾರಿಜಾಕ್ಷಿ ಎಂಬವರು ಇಬ್ಬರನ್ನೂ ಪಕ್ಷಿಧಾಮಕ್ಕೆ ಕರೆತಂದಿದ್ದರು. ಆಕೆ ದಾವಣಗೆರೆಯವರು. ಅಲ್ಲಿನ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು, ಆ ದೇಶದ ಭಾಷೆ ಬಲ್ಲವರು.

ವಿಭಾಕರನಿಗೆ ಹಕ್ಕಿಗಿಂತ ದೊಡ್ಡ ಚಿಂತೆಯೊಂದಿತ್ತು.

ಬರುವ ಹುಣ್ಣಿಮೆಗೆ ಗುರುಗಳು ಸಂನ್ಯಾಸ ದೀಕ್ಷೆ ಕೊಡುವವರಿದ್ದರು. ತಮಗೆ ವಯಸ್ಸಾಯಿತು, ತಾವು ಕೊಡುವ ಕೊನೆಯ ದೀಕ್ಷೆ ಇದೇ ಎಂದೂ ಹೇಳಿದ್ದರು. ಈ ಹುಣ್ಣಿಮೆ ತಪ್ಪಿದರೆ ಅವರ ಕೈಯಿಂದ ಕಾವಿ ಪಡೆಯುವ ಭಾಗ್ಯ ವಿಭಾಕರನಿಗೆ ಇಲ್ಲ.

ಅವನ ಅರ್ಹತೆಯ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ, ಅವನಿಗಂತೂ ಇರಲೇ ಇಲ್ಲ. ಉಪನಿಷತ್ತು ಬಾಯಿಪಾಠವಾಗಿತ್ತು. ಉಪವಾಸ ಕರಗತವಾಗಿತ್ತು. ಚಳಿಗಾಲದ ಹೊಳೆಯಲ್ಲಿ ಕುತ್ತಿಗೆವರೆಗೆ ಮುಳುಗಿ ಜಪ ಮಾಡಿದ್ದ. ಅದನ್ನು ದಂಡೆಯಲ್ಲಿದ್ದ ಹಲವರು ಕಂಡಿದ್ದರು. ಕಾಣದೆ ಹೋದವರಿಗೆ ಅವನೇ ಹೇಳಿದ್ದ.

ಉಳಿದದ್ದು ಭಿಕ್ಷೆ ಒಂದೇ.

ಆಶ್ರಮದ ನಿಯಮ ಸರಳ. ಕಾವಿ ಉಡುವ ಮೊದಲು ಶಿಷ್ಯ ಅಪರಿಚಿತರ ಮುಂದೆ ಕೈಯೊಡ್ಡಿ, ಬಾಯಿಬಿಟ್ಟು ಬೇಡಿ, ಸಿಕ್ಕಿದ್ದನ್ನು ತಂದು ಗುರುವಿಗೆ ಕೊಡಬೇಕು. ಗುರು ಅದನ್ನು ಉಂಡರೆ ಮುಗಿಯಿತು.

ವಿಭಾಕರ ಪ್ರಯತ್ನಿಸದೆ ಇರಲಿಲ್ಲ. ಒಮ್ಮೆ ಒಂದು ಮನೆಯ ಬಾಗಿಲಲ್ಲಿ ನಿಂತು, ಹೊರಬಂದ ಗೃಹಿಣಿಗೆ ಭಿಕ್ಷೆಯ ಮಹತ್ವವನ್ನು ಒಲೆಯ ಮೇಲಿನ ಪಲ್ಯ ಸೀದುಹೋಗುವವರೆಗೂ ವಿವರಿಸಿ, ಬೇಡದೆಯೇ ಬಂದಿದ್ದ. ಇನ್ನೊಮ್ಮೆ ಮೊದಲೇ ಹೇಳಿ ಕಳಿಸಿ ಹೋಗಿದ್ದ. ಆ ಮನೆಯವರು ಬಾಗಿಲಿಗೆ ತೋರಣ ಕಟ್ಟಿ, ಹೋಳಿಗೆ ಮಾಡಿ ಕಾದಿದ್ದರು.

"ಇದು ಔತಣ," ಎಂದು ಗುರುಗಳು ಹೋಳಿಗೆಯನ್ನು ಆಶ್ರಮದ ಹಸುವಿಗೆ ಹಾಕಿಸಿದ್ದರು. ಹಸುವಿನ ಆಕ್ಷೇಪವೇನೂ ಇರಲಿಲ್ಲ.

ಹೀಗಾಗಿ ಪಕ್ಷಿಧಾಮದ ಬಾಗಿಲಲ್ಲೇ ವಿಭಾಕರ ಮಾತು ತೆಗೆದ.

"ಗುರುಗಳೇ, ಒಂದು ಅರಿಕೆ."

"ಹೇಳು."

"ಭಿಕ್ಷೆಯ ನಿಯಮವೊಂದನ್ನು ಸಡಿಲಿಸಲು ಬರುವುದಿಲ್ಲವೇ?"

"ಯಾಕೆ?"

"ನಮ್ಮದು ಅನ್ನ ಹಾಕಿದ ಮನೆತನ. ನಮ್ಮಜ್ಜ ಹಾಕಿದರು, ನಮ್ಮಪ್ಪ ಹಾಕಿದರು. ನಮ್ಮಲ್ಲಿ ಯಾರ ಕೈಯೂ ಕೆಳಗಿದ್ದದ್ದಿಲ್ಲ. ಕೊಡು ಎನ್ನಿ, ಪ್ರಾಣ ಕೊಡುತ್ತೇನೆ. ಬೇಡು ಎಂದರೆ ನಾಲಿಗೆ ಏಳುವುದಿಲ್ಲ."

"ಪ್ರಾಣ ಯಾರು ಕೇಳಿದರು? ಒಂದು ತುತ್ತು ಕೇಳಿದ್ದು."

"ಇದು ಅಹಂಕಾರ ಎಂದು ತಾವು ಭಾವಿಸಬಾರದು. ಸ್ವಾಭಿಮಾನ."

"ಆಗಲಿ. ಮೊದಲು ಹಕ್ಕಿಗೆ ಕೊಡು. ಕೊಡುವುದರಲ್ಲಿ ನೀನು ಪಳಗಿದವನು."

ಇದನ್ನು ವಿಭಾಕರ ಹೊಗಳಿಕೆ ಎಂದು ತೆಗೆದುಕೊಂಡ. ಅಭ್ಯಾಸಬಲದಿಂದ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ನಡೆದ. ಬಿಡಿ ಎಂದು ಅಲ್ಲಿ ಯಾರೂ ಹೇಳಿರಲಿಲ್ಲ.

ಪಕ್ಷಿಧಾಮದವರು ಒಬ್ಬೊಬ್ಬರಿಗೂ ಬಾಟಲಿ ಮುಚ್ಚಳದಷ್ಟು ದೊಡ್ಡ ಕೆಂಪು ಬಟ್ಟಲಿನಲ್ಲಿ ಸಕ್ಕರೆ ನೀರು ಕೊಟ್ಟರು. ಗುರುಗಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕುಳಿತರು. ಒಂದು ಹಕ್ಕಿ ಬಂದು ಕುಡಿದು ಹೋಯಿತು. ವಾರಿಜಾಕ್ಷಿಯವರ ಕೈಗೂ ಒಂದು ಬಂತು.

ವಿಭಾಕರ ಬಟ್ಟಲಿನ ಅಂಚನ್ನು ಬೆರಳುಗಳಿಂದ ಮೇಲಿನಿಂದ ಹಿಡಿದು, ಕೈಯನ್ನು ಭುಜದ ಎತ್ತರಕ್ಕೆ ನೀಡಿ, ಪ್ರಸಾದ ಕೊಡುವವನಂತೆ ನಿಂತಿದ್ದ.

ಹಸಿರು ಕತ್ತಿನ ಹಕ್ಕಿಯೊಂದು ಬಂತು. ಬಟ್ಟಲನ್ನು ನೋಡಿತು. ವಿಭಾಕರನನ್ನು ನೋಡಿತು. ಹಿಂದಕ್ಕೆ ಹಾರಿ, ಮತ್ತೆ ವಾರಿಜಾಕ್ಷಿಯವರ ಕೈಗೆ ಹೋಯಿತು.

"ನನ್ನಲ್ಲಿ ಏನು ಕೊರತೆ?" ಎಂದ ವಿಭಾಕರ.

"ಅದಕ್ಕೆ ನಿಮ್ಮ ಮನೆತನ ಗೊತ್ತಿಲ್ಲ ಕಾಣುತ್ತೆ ಸ್ವಾಮಿ," ಎಂದರು ವಾರಿಜಾಕ್ಷಿ. "ಪರದೇಶದ್ದು ನೋಡಿ."

ಗುರುಗಳು ಕುಳಿತಲ್ಲಿಂದಲೇ ಹೇಳಿದರು. "ಬಟ್ಟಲಿನ ಮೇಲೆ ನಿನ್ನ ಕೈ ಇದೆ. ಅದು ಎಲ್ಲಿಂದ ಕುಡಿಯಬೇಕು?"

"ಕೊಡುವಾಗ ನನ್ನ ಕೈ ಮೇಲೇ ಇರುವುದು, ಗುರುಗಳೇ. ರೂಢಿ."

"ಹಾಗಂತ ಹಕ್ಕಿಗೆ ಹೇಳು."

ವಿಭಾಕರ ಹಕ್ಕಿಯನ್ನು ನೋಡಿದ. ಬಳಿಕ ಕೈ ಮಗುಚಿ, ಬಟ್ಟಲನ್ನು ಅಂಗೈಯಲ್ಲಿಟ್ಟ.

"ಇನ್ನೂ ಕೆಳಗೆ," ಎಂದರು ಗುರುಗಳು.

ಇಳಿಸಿದ.

"ಬೆರಳು ಸಡಿಲ ಬಿಡು. ಅದೇನು ಕಳ್ಳನೇ?"

ಬಿಟ್ಟ.

"ದುರುಗುಟ್ಟಿ ನೋಡಬೇಡ. ಕಣ್ಣು ಮುಚ್ಚು. ತಲೆ ತಗ್ಗಿಸು."

ತಗ್ಗಿಸಿದ.

ಮಣಿಕಟ್ಟಿನ ಮೇಲೆ ತೆಳ್ಳನೆಯ ಗಾಳಿ ಆಡಿತು. ಗುಂಯ್ ಎಂಬ ಸದ್ದು ಕೈಯ ಮೇಲೆಯೇ ನಿಂತಿತು. ಭಾರವೇನೂ ಬೀಳಲಿಲ್ಲ. ಅವನು ಕಣ್ಣು ತೆರೆಯುವಷ್ಟರಲ್ಲಿ ಬಟ್ಟಲಿನ ನೀರು ಇಳಿದಿತ್ತು, ಹಕ್ಕಿ ಹೋಗಿತ್ತು.

"ಕೊಟ್ಟೆ! ಗುರುಗಳೇ, ನಾನು ಕೊಟ್ಟೆ!"

"ಕಂಡೆ."

"ಆದರೆ ಕುಡಿದು ಹೊರಟೇ ಹೋಯಿತು. ತಿರುಗಿ ಸಹ ನೋಡಲಿಲ್ಲ."

"ನಾಚಿಕೆಯಾಗಿರಬೇಕು, ಬೇರೆಯವರ ಕೈಯಿಂದ ಕುಡಿಯಲು."

"ನಾಚಿಕೆ ಯಾತಕ್ಕೆ?" ವಿಭಾಕರ ಹಕ್ಕಿಯ ಪರ ವಹಿಸಿದ. "ಹಸಿದಿತ್ತು, ಕುಡಿಯಿತು. ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ?"

ಗುರುಗಳು ಅವನ ಮುಖವನ್ನೇ ನೋಡಿದರು. ವಿಭಾಕರ ಆಗಲೇ ಬಟ್ಟಲು ತುಂಬಿಸಿಕೊಳ್ಳಲು ಹೊರಟಿದ್ದ.

ಆಮೇಲೆ ಅವನನ್ನು ಹಿಡಿಯುವವರಿಲ್ಲ. ಕೆಂಪು ಗಂಟಲಿನದು ಬಂತು, ನೀಲಿ ಬಾಲದ್ದು ಬಂತು. ಒಂದೊಂದು ಬಂದಾಗಲೂ ಅವನ ಎದೆ ಒಂದಿಷ್ಟು ಹಿಗ್ಗಿತು. ಅಜ್ಜ ಊರಿಗೆ ಅನ್ನ ಹಾಕಿದ್ದರು, ಅಪ್ಪ ಹೋಬಳಿಗೆ ಹಾಕಿದ್ದರು. ಕಡಲಾಚೆಯವರೆಗೆ ಕೈ ಚಾಚಿದವನು ಮನೆತನದಲ್ಲಿ ತಾನೊಬ್ಬನೇ ಎಂಬುದು ಅವನಿಗೆ ಹೊಳೆಯಿತು.

ಬಿಸಿಲು ನೆತ್ತಿಗೇರಿತು.

"ಊಟಕ್ಕೆ ಹೋಗೋಣವೇ?" ಎಂದರು ವಾರಿಜಾಕ್ಷಿ. "ಬೆಳಗ್ಗೆಯೂ ನೀವು ಏನೂ ತಿಂದಿಲ್ಲ."

"ಇರಿ ಅಕ್ಕ. ಇನ್ನೊಂದು ಬರಬಹುದು. ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದು ನಮ್ಮ ಮನೆಯಲ್ಲಿ ಇಲ್ಲ."

ಬಿಸಿಲಿಗೆ ಹಕ್ಕಿಗಳು ಮರ ಸೇರಿದ್ದವು. ಬಟ್ಟಲು ಬರಿದಾಗಿತ್ತು. ವಿಭಾಕರ ಕಾಲುದಾರಿಯ ಪಕ್ಕದಲ್ಲಿ ತಲೆ ತಗ್ಗಿಸಿ, ಕಣ್ಣು ಮುಚ್ಚಿ, ಅಂಗೈ ಚಾಚಿ ನಿಂತೇ ಇದ್ದ.

ಗುರುಗಳು ಎದ್ದು ಬಂದರು. ಅವನ ಅಂಗೈಯಿಂದ ಬರಿದಾದ ಬಟ್ಟಲನ್ನು ಮೆಲ್ಲನೆ ಎತ್ತಿಕೊಂಡು ಹೋಗಿ ತಮ್ಮ ಕಲ್ಲಿನ ಮೇಲೆ ಕುಳಿತರು.

ಹಕ್ಕಿ ಬಂತೆಂದುಕೊಂಡ ವಿಭಾಕರ ಕಣ್ಣು ತೆರೆಯದೆ ನಸುನಕ್ಕ.

ಆ ದಾರಿಯಲ್ಲಿ ಒಬ್ಬ ಮುದುಕಿ ಬಂದಳು. ಆ ಊರಿನವಳೇ. ಹೊಳೆದಂಡೆಯಲ್ಲಿ ಕುಳಿತು ಉಣ್ಣಲು ಬುತ್ತಿ ತಂದಿದ್ದಳು. ಅವಳ ಕಣ್ಣಿಗೆ ಬಿದ್ದದ್ದು ಬರಿಗಾಲು, ಬೆವರಿಗೆ ಅಂಟಿದ ಮಾಸಲು ಪಂಚೆ, ಬಗ್ಗಿದ ತಲೆ, ಚಾಚಿದ ಬರಿಗೈ. ಇದು ಏನೆಂದು ತಿಳಿಯಲು ಯಾವ ದೇಶದಲ್ಲೂ ಯಾರ ಸಹಾಯವೂ ಬೇಕಾಗುವುದಿಲ್ಲ.

ಅವಳು ಚೀಲದಿಂದ ಬಾಳೆಲೆಯ ಪೊಟ್ಟಣವೊಂದನ್ನು ತೆಗೆದು ಆ ಕೈಯಲ್ಲಿಟ್ಟಳು.

ಅಂಗೈಗೆ ಬಿಸಿ ತಾಗಿತು. ವಿಭಾಕರ ಕಣ್ಣು ತೆರೆದ.

"ಇದೇನು?"

ವಾರಿಜಾಕ್ಷಿ ಹತ್ತಿರ ಬಂದು ಪೊಟ್ಟಣವನ್ನು ಮೂಸಿದರು. "ಕಡುಬು. ಮುಸುಕಿನ ಜೋಳದ್ದು." ಮುದುಕಿಯನ್ನು ಅವಳ ಭಾಷೆಯಲ್ಲಿ ಏನೋ ವಿಚಾರಿಸಿದರು. "ಒಳಗೆ ಬರೀ ಕಾಳಂತೆ. ನಿಮಗೆ ನಡೆಯುತ್ತೆ."

"ನಡೆಯುವುದೇ! ಈಕೆ ನನ್ನನ್ನು ಏನೆಂದುಕೊಂಡಿದ್ದಾರೆ?"

"ಹಸಿದವನು ಅಂತ."

"ನಾನು ಭಿಕ್ಷುಕನಲ್ಲ ಎಂದು ಹೇಳಿ. ಬೆಳಗ್ಗೆಯಿಂದ ಇಲ್ಲಿ ನಿಂತು ಕೊಡುತ್ತಿದ್ದೇನೆ ಎಂದು ಹೇಳಿ."

"ಏನನ್ನ?"

ವಿಭಾಕರ ಬಟ್ಟಲನ್ನು ತೋರಿಸಲು ಅಂಗೈ ನೋಡಿಕೊಂಡ. ಅಲ್ಲಿ ಕಡುಬು ಮಾತ್ರ ಇತ್ತು. ಬಟ್ಟಲು ಗುರುಗಳ ಕೈಯಲ್ಲಿತ್ತು.

ವಾರಿಜಾಕ್ಷಿ ಹೇಳಬೇಕಾದದ್ದನ್ನು ಹೇಳಿದರು. ಮುದುಕಿ ತಲೆಯಾಡಿಸಿ ಒಂದು ಮಾತು ಆಡಿದಳು.

"ಏನಂತೆ?"

"'ಆಯ್ತಪ್ಪ, ಕೊಟ್ಟದ್ದು ಸಾಕು, ಆರುವ ಮೊದಲು ತಿನ್ನು' ಅಂತಾಳೆ."

ವಿಭಾಕರನ ಕಿವಿ ಕೆಂಪಾಯಿತು. ಬಳಿಕ ಅವನ ಮುಖದಲ್ಲಿ ಬೇರೊಂದು ಬೆಳಕು ಮೂಡಿತು. ಅವನು ಗುರುಗಳ ಕಡೆ ತಿರುಗಿದ.

"ಗುರುಗಳೇ, ಅಪರಿಚಿತರು ಕೊಟ್ಟದ್ದು. ಚಾಚಿದ ಕೈಗೆ ಬಿದ್ದದ್ದು. ನಿಯಮಕ್ಕೆ ಇದು ಸಲ್ಲುವುದಿಲ್ಲವೇ?"

"ನೀನು ಬೇಡಿದೆಯಾ?"

"ಇಲ್ಲ."

"ಹಾಗಾದರೆ ಇದು ವಿಳಾಸ ತಪ್ಪಿ ಬಂದ ಕಡುಬು. ಹಿಂದಕ್ಕೆ ಕೊಡು."

ವಿಭಾಕರ ಕೊಟ್ಟ. ಕೊಡುವುದು ಅವನಿಗೆ ಎಂದೂ ಕಷ್ಟವಾಗಿರಲಿಲ್ಲ. ಕೈ ತಾನಾಗಿಯೇ ಮೇಲೆ ಹೋಯಿತು, ಮುದುಕಿಯ ಕೈ ಕೆಳಗಾಯಿತು.

ಮುದುಕಿಯ ಮುಖ ಸಪ್ಪಗಾಯಿತು. ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು ಹೊಳೆಯತ್ತ ನಡೆದಳು.

"ನಾವೂ ಹೊರಡೋಣ," ಎಂದ ವಿಭಾಕರ.

ಗುರುಗಳು ಏಳಲಿಲ್ಲ.

"ಬೆಳಗ್ಗೆಯಿಂದ ನಿನ್ನ ಕೈ ಎಲ್ಲಿತ್ತು?"

"ಚಾಚಿದ್ದೆ, ಗುರುಗಳೇ."

"ಮೇಲೋ ಕೆಳಗೋ?"

"ಕೆಳಗೆ."

"ಅದರಿಂದ ನಿಮ್ಮ ಅಜ್ಜನಿಗೆ ಏನಾಯಿತು?"

ವಿಭಾಕರ ಉತ್ತರ ಹುಡುಕಿದ. ಅವನಿಗೆ ಸಾಮಾನ್ಯವಾಗಿ ಉತ್ತರಗಳ ಕೊರತೆ ಇರಲಿಲ್ಲ. ಈ ಸಲ ಸಿಕ್ಕಿದ್ದು ಬೆಳಗ್ಗೆ ಹಕ್ಕಿಯ ಪರವಾಗಿ ತಾನೇ ಆಡಿದ್ದ ಮಾತು. ಹಸಿದಿತ್ತು, ಕುಡಿಯಿತು.

ಹೊಟ್ಟೆಯೊಳಗೆ ಏನೋ ಗುರುಗುಟ್ಟಿತು. ತನಗೆ ಹಸಿವಾಗಿದೆ ಎಂಬುದು ಅವನಿಗೆ ಆಗ ಗೊತ್ತಾಯಿತು.

ಮುದುಕಿ ತಿರುವಿನವರೆಗೆ ಹೋಗಿದ್ದಳು. ವಿಭಾಕರ ಬರಿಗಾಲಲ್ಲಿ ಓಡಿದ. ಕಾದ ಕಲ್ಲುಗಳ ಮೇಲೆ ಅವನ ಓಟ ಅಷ್ಟೇನೂ ಗಂಭೀರವಾಗಿ ಕಾಣಲಿಲ್ಲ.

ಅವಳ ಮುಂದೆ ನಿಂತ. ಅಂಗೈ ಚಾಚಿದ. ಅವನಾಗಿಯೇ ಇನ್ನೊಂದಿಷ್ಟು ಕೆಳಗೆ ಇಳಿಸಿದ. ಬೆರಳು ಸಡಿಲ ಬಿಟ್ಟ. ಕಣ್ಣನ್ನು ಮಾತ್ರ ಈ ಸಲ ಮುಚ್ಚಲಿಲ್ಲ.

ಈ ಗಳಿಗೆಗೆಂದು ಅವನು ಎಷ್ಟೋ ಕಾಲದಿಂದ ಒಂದು ಗಂಭೀರವಾದ ಸಂಸ್ಕೃತ ವಾಕ್ಯವನ್ನು ಸಿದ್ಧವಾಗಿಟ್ಟುಕೊಂಡಿದ್ದ. ಅದು ಬರಲಿಲ್ಲ.

"ಅಮ್ಮಾ," ಎಂದ. ಮತ್ತೆ ಹೇಳಿದ. "ಅಮ್ಮಾ, ಹಸಿವಾಗಿದೆ. ಕೊಡಿ."

ವಾರಿಜಾಕ್ಷಿ ಮಾತು ತಿಳಿಸಲು ಹೊರಟರು. ಗುರುಗಳು ಕೈಯೆತ್ತಿ ತಡೆದರು.

"ಇರಲಿ. ಆಕೆಗೆ ತಿಳಿಯುತ್ತದೆ."

ಮುದುಕಿ ವಿಭಾಕರನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ತಲೆ ನೆಟ್ಟಗಿಲ್ಲದ ಹುಡುಗರನ್ನು ನೋಡುವಂತೆ ನೋಡಿದಳು. ಒಂದೆರಡು ಮಾತು ಗೊಣಗಿದಳು. ಅವುಗಳ ಅರ್ಥವನ್ನು ಹೇಳಲು ವಾರಿಜಾಕ್ಷಿ ಆಮೇಲೂ ಒಪ್ಪಲಿಲ್ಲ.

ಬಳಿಕ ಚೀಲಕ್ಕೆ ಕೈಹಾಕಿ, ಅದೇ ಪೊಟ್ಟಣವನ್ನು ತೆಗೆದು, ಅದೇ ಅಂಗೈಯಲ್ಲಿಟ್ಟಳು. ಮೇಲೆ ತನ್ನ ಕೈಯಿಂದ ಒಮ್ಮೆ ತಟ್ಟಿದಳು.

ಅವಳು ಹೊಳೆಯ ಕಡೆಗೆ ಹೋದಳು. ತಿರುಗಿ ನೋಡಲಿಲ್ಲ.

ವಿಭಾಕರ ಮರಳಿ ಬಂದ. ಹೋಗುವಾಗ ಓಡಿದ್ದವನು ಬರುವಾಗ ನಿಧಾನವಾಗಿ, ತಲೆಯೆತ್ತಿ ಬಂದ. ಕಾದ ಕಲ್ಲುಗಳು ಈಗ ಅವನ ಅರಿವಿಗೇ ಬಂದಂತಿರಲಿಲ್ಲ. ನಡಿಗೆಯಲ್ಲಿ ಹೊಸದೊಂದು ಠೀವಿ ಇತ್ತು. ಗುರುಗಳ ಮುಂದೆ ಮಂಡಿಯೂರಿ ಪೊಟ್ಟಣವನ್ನು ನೀಡಿದ.

"ಬೇಡಿ ತಂದಿದ್ದೇನೆ, ಗುರುಗಳೇ."

ಗುರುಗಳು ತೆಗೆದುಕೊಂಡರು. ಎಲೆ ಬಿಡಿಸಿದರು. ಹಬೆ ಇನ್ನೂ ಆಡುತ್ತಿತ್ತು. ಕಡುಬನ್ನು ಎರಡು ಮಾಡಿ, ಅರ್ಧವನ್ನು ವಿಭಾಕರನ ಅಂಗೈಗೆ ಹಾಕಿದರು. ಚಾಚಿದ ಕೈಯನ್ನು ಹಿಂತೆಗೆದುಕೊಳ್ಳಲು ಅವನು ಮರೆತಿದ್ದ.

ತಮ್ಮ ಅರ್ಧದಿಂದ ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡರು.

ವಿಭಾಕರನಿಗೆ ತಡೆಯಲಾಗಲಿಲ್ಲ.

"ಗುರುಗಳೇ, ಕಡಲು ದಾಟಿ, ಭಾಷೆ ಬಾರದ ನಾಡಿನಲ್ಲಿ, ಒಮ್ಮೆ ಹಿಂದಕ್ಕೆ ಕೊಟ್ಟದ್ದನ್ನೇ ಮತ್ತೆ ಬೇಡಿ ತಂದ ಶಿಷ್ಯ ನಮ್ಮ ಆಶ್ರಮದ ಚರಿತ್ರೆಯಲ್ಲಿ ಇನ್ನೊಬ್ಬ ಇದ್ದಾನೆಯೇ?"

ಗುರುಗಳು ಅಗಿದು ನುಂಗಿದರು.

"ಹುಣ್ಣಿಮೆಯ ಹಿಂದಿನ ದಿನ ತಲೆ ಬೋಳಿಸಿಕೋ," ಎಂದರು.

ಇನ್ನೊಂದು ತುತ್ತು ಮುರಿದರು.

"ಉಪ್ಪು ಸ್ವಲ್ಪ ಕಡಿಮೆ."