ಕೌಲಿಯ ಕಿವಿಯ ಹಿಂದೆ

ಹೊಳೆದಂಡೆಯ ಮಠದ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ. ಆಚೆ ದಡದ ಕಾಡೂ ಕರಗಿ ಹೊಲವಾಗಿದೆ. ಆದರೂ ಹೊತ್ತು ಇಳಿದರೆ ಮುದುಕ ಪರ್ವತಯ್ಯನ ಕಾಲು ತಾನಾಗಿ ಕೊಟ್ಟಿಗೆಯತ್ತ ಎಳೆಯುತ್ತದೆ. ಹಿಂಡಿಯ ವಾಸನೆ ಇನ್ನೂ ಗೋಡೆಗೆ ಅಂಟಿಕೊಂಡಂತಿದೆ.

ಹರೆಯದಲ್ಲಿ ಗುರುಗಳು ಅವನಿಗೆ ಒಪ್ಪಿಸಿದ್ದ ಕೆಲಸ ಒಂದೇ. ಆಚೆ ಕಾಡಿನಲ್ಲಿ ಮೇದು ಬಂದ ಕೌಲಿ ಹಸುವಿನ ಮೈ ತಡವಿ ರಕ್ತ ಹೀರುವ ಉಣುಗು ಹುಡುಕುವುದು.

ಆ ಉಣುಗು ಮನುಷ್ಯರನ್ನು ಕಚ್ಚಿದರೆ ಕಾಡುಜ್ವರ. ಹಸುವಿನ ಮೈಯಲ್ಲಿ ಕಂಡರೆ ಊರವರು ಆ ಕಡೆ ಸೌದೆಗೆ ಹೋಗುತ್ತಿರಲಿಲ್ಲ.

ಒಂದು ಸಂಜೆ ಕೆಂಪಮ್ಮ ಬಂದಳು. ಅವಳ ಗಂಡ ಸತ್ತದ್ದು ಅದೇ ಜ್ವರದಲ್ಲಿ.

"ನಾಳೆ ಸೌದೆಗೆ ಹೋಗಬೌದಾ ಬುದ್ಧಿ?"

ಗುರುಗಳು ಶಿಷ್ಯನ ಕಡೆ ನೋಡಿದರು.

ಪರ್ವತಯ್ಯ ಹಸುವಿನ ಬೆನ್ನ ಮೇಲೆ ಒಮ್ಮೆ ಕೈಯಾಡಿಸಿದ. "ಏನೂ ಇಲ್ಲ ಬುದ್ಧಿ."

ಗುರುಗಳು ಎದ್ದು ಬಂದು ಕೌಲಿಯ ಕಿವಿ ಮಡಿಚಿದರು. ಹಿಂದೆ ಸಾಸಿವೆ ಚೆಲ್ಲಿದಂತೆ ಉಣುಗು ಕಚ್ಚಿಕೊಂಡಿದ್ದವು.

"ನಾಳೆ ಬೇಡ ತಾಯಿ," ಎಂದರು.

ಕೆಂಪಮ್ಮ ಹೋದ ಮೇಲೆ ಪರ್ವತಯ್ಯ ತಲೆ ತಗ್ಗಿಸಿದ. "ತಪ್ಪಾಯ್ತು ಬುದ್ಧಿ. ಹಸುವಿನ ಕಿವಿ ಅಲ್ಲವಾ, ಅಷ್ಟಾಗಿ ನೋಡಲಿಲ್ಲ."



ಬೆಳಗ್ಗೆ ಗುರುಗಳು ಕೌಲಿಯನ್ನು ಬಿಚ್ಚಲಿಲ್ಲ. ತಾವೇ ಹೊಳೆಗೆ ಇಳಿದರು.

"ಬುದ್ಧಿ, ಆಚೆ ಉಣುಗು ಇದೆಯಲ್ಲ."

"ಯಾರಾದರೂ ಹೋಗಿ ನೋಡಬೇಕಲ್ಲ," ಎಂದು ನಡೆದೇಬಿಟ್ಟರು.

ಅಂದು ಪರ್ವತಯ್ಯನಿಗೆ ಊಟ ಸೇರಲಿಲ್ಲ. ಹೊಳೆಯ ಕಲ್ಲಿನ ಮೇಲೆ ಕೂತು ಆಚೆ ದಡವನ್ನೇ ನೋಡಿದ. ಕೊಟ್ಟಿಗೆಯಲ್ಲಿ ಕೌಲಿ ಕೂಗುತ್ತಲೇ ಇತ್ತು.

ಬಿಸಿಲು ಬಾಡುವಾಗ ಗುರುಗಳು ಬಂದರು. ಜಗಲಿಯ ಮೇಲೆ ಕೂತು ಕಾವಿಯನ್ನು ಮೊಣಕಾಲಿಗೆ ಎತ್ತಿಕೊಂಡರು.

"ನೋಡು."

ಪರ್ವತಯ್ಯ ಬೆರಳ ಸಂದಿ ನೋಡಿದ. ಮೊಣಕಾಲಿನ ಹಿಂದೆ, ಹೆಗ್ಗತ್ತಿನ ಕೂದಲ ಬುಡದಲ್ಲಿ, ಕಿವಿಯ ಮಡಿಕೆಯಲ್ಲಿ ನೋಡಿದ. ಸಿಕ್ಕ ಉಣುಗನ್ನು ತಲೆ ಮುರಿಯದಂತೆ ಕಿತ್ತು ಎಣ್ಣೆಗೆ ಹಾಕಿದ. ಮತ್ತೆ ಮೊದಲಿನಿಂದ ಶುರು ಮಾಡಿದ.

"ಸಾಕಲ್ಲವಾ?"

"ಇನ್ನೊಂದು ಸಲ ನೋಡ್ತೀನಿ ಬುದ್ಧಿ."

ಗುರುಗಳಿಗೆ ಜ್ವರ ಬರಲಿಲ್ಲ. ಆಮೇಲೂ ಬಹುಕಾಲ ಬಾಳಿದರು. ಪರ್ವತಯ್ಯನಿಗೆ ಮಾತ್ರ ಇಂದಿಗೂ ನೆನಪಾಗುವುದು ಆ ಜಗಲಿ, ಆ ಇಳಿಬಿಸಿಲು, ತನ್ನ ಬೆರಳುಗಳನ್ನು ಮೆಲ್ಲಗೆ ಹಿಡಿದ ಅವರ ತಣ್ಣನೆಯ ಅಂಗೈ, ಆಗ ಅವರು ಕೇಳಿದ ಮಾತು.

"ನಿನ್ನೆ ಕೌಲಿಯನ್ನು ಮುಟ್ಟುವಾಗಲೂ ಈ ಕೈ ಹೀಗೇ ನಡುಗಿತ್ತಾ, ಮಗಾ?"