ದಂಡೆಯಿಂದ ಕೂಗಿದ ಅಂಬಿಗ

"ಗುರುಗಳೇ, ಕಂಡ ತಪ್ಪನ್ನು ಕಂಡ ಹಾಗೆ ತಿಳಿಸಿ ಹೇಳಿದರೂ ಹೊಸ ಉಪಾಧ್ಯಾಯ ಏಕೆ ಸುಧಾರಿಸುವುದಿಲ್ಲ?" ಎಂದು ಮುರಿಗೆಪ್ಪ ಕೇಳಿದ.

ಮಠದ ಪಾಠಶಾಲೆಗೆ ಹೊಸದಾಗಿ ಸೇರಿದವರನ್ನು ತಿದ್ದಿ ತಯಾರು ಮಾಡುವ ಕೆಲಸವನ್ನು ಗುರುಗಳು ಅವನಿಗೆ ವಹಿಸಿದ್ದರು. ಚನ್ನವೀರನೆಂಬ ತರುಣ ಆಗಷ್ಟೇ ಬಂದಿದ್ದ. ಮುರಿಗೆಪ್ಪ ದಿನವೂ ಅವನ ಪಾಠಕ್ಕೆ ಹೋಗಿ ಕೂರುತ್ತಿದ್ದ. ಸಂಜೆ ಅವನನ್ನು ಕರೆದು, ಎಲ್ಲೆಲ್ಲಿ ತಪ್ಪಿತೆಂದು ಹೇಳುತ್ತಿದ್ದ. ಬೈಯುತ್ತಿರಲಿಲ್ಲ, ಅಕ್ಕರೆಯಿಂದಲೇ ಹೇಳುತ್ತಿದ್ದ. ಆದರೂ ಬಂದ ಹೊಸದರಲ್ಲಿ ನಗುನಗುತ್ತ ಪಾಠ ಹೇಳಿದ ಚನ್ನವೀರ ಈಗ ಮಾತು ಮಾತಿಗೂ ತಡವರಿಸುತ್ತಿದ್ದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಹೊಳೆಯ ದಂಡೆಯ ಒಂದು ಊರು. ಅಲ್ಲಿಯವರ ಹೊಲಗಳೆಲ್ಲ ಆಚೆ ದಡದಲ್ಲಿ. ದಿನ ಬೆಳಗಾದರೆ ಹರಿಗೋಲು ಹತ್ತಬೇಕು. ಹಾಗಾಗಿ ಆ ಊರಿನಲ್ಲಿ ಮಕ್ಕಳು ಈಜು ಕಲಿಯಲೇಬೇಕಿತ್ತು. ಕಲಿಸುವವನು ಒಬ್ಬ ಮುದುಕ ಅಂಬಿಗ. ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗಿಳಿಸುತ್ತಿದ್ದ. ಆ ಊರಿನಲ್ಲಿ ಅವನ ಕೈ ಹಿಡಿಯದೆ ಈಜು ಕಲಿತವರೇ ಇರಲಿಲ್ಲ.

ಮುದುಕನ ಮೊಣಕಾಲು ಸೋತವು. ನೀರಿನಲ್ಲಿ ನಿಲ್ಲಲು ಆಗದಂತಾಯಿತು. ತನ್ನ ಬಳಿಯೇ ಈಜು ಕಲಿತ ಹೊನ್ನವ್ವ ಎಂಬ ತರುಣಿಯನ್ನು ಕರೆದು, "ತಂಗೀ, ಇನ್ನು ಮುಂದೆ ಮಕ್ಕಳು ನಿನ್ನವು" ಎಂದ. ಅವಳು ಮೀನಿನ ಹಾಗೆ ಈಜುತ್ತಿದ್ದಳು. ಮಕ್ಕಳಿಗೂ ಅವಳೆಂದರೆ ಇಷ್ಟ. ಅವಳು ಅವನ ಕಾಲು ಮುಟ್ಟಿ ನೀರಿಗಿಳಿದಳು. ಅವನು ದಂಡೆಯ ಮೇಲೆ ಕೂತ.

ಕೂತವನಿಗೆ ಎಲ್ಲವೂ ಕಾಣುತ್ತಿತ್ತು. ಹೊನ್ನವ್ವ ಮಗುವನ್ನು ಬೇಗ ಕೈಬಿಡುತ್ತಾಳೆ. ಅದನ್ನು ಹೇಳಿದ. ಮರುದಿನ ಅವಳು ಹಿಡಿದ ಕೈ ಬಿಡಲೇ ಇಲ್ಲ. ಹೀಗೆ ಹಿಡಿದರೆ ಮಗು ಕಲಿಯುವುದು ಯಾವಾಗ ಎಂದ. ಬುರುಡೆಯ ಹಗ್ಗ ಸಡಿಲ, ದನಿ ಜೋರು, ನಿಂತ ಜಾಗ ತಪ್ಪು. ಹೇಳಿದ್ದೆಲ್ಲ ಸರಿಯೇ. ಒಂದು ಮಾತೂ ಸುಳ್ಳಲ್ಲ. ಅವಳು ತಲೆ ತಗ್ಗಿಸಿ "ಹೂಂ ಅಜ್ಜಾ" ಎನ್ನುತ್ತಿದ್ದಳು. ಹೇಳಿದ್ದನ್ನು ಮರುದಿನವೇ ತಿದ್ದಿಕೊಳ್ಳುತ್ತಿದ್ದಳು. ಆದರೆ ಬೇರೊಂದು ತಪ್ಪುತ್ತಿತ್ತು. ಬರಬರುತ್ತ ಅವಳ ನಗು ನಿಂತಿತು. ಮಕ್ಕಳು ಹೊಳೆಗಿಳಿಯುವ ಮೆಟ್ಟಿಲು ಬಿಟ್ಟು ಕದಲದಾದರು. ಮುದುಕನಿಗೆ ದುಃಖವಾಯಿತು. ತಾನು ಹೇಳಿದ್ದು ಸಾಲದೇನೋ ಎಂದುಕೊಂಡು ಇನ್ನಷ್ಟು ಹೇಳಿದ.

ಒಂದು ಬೆಳಗ್ಗೆ ಕುಂಬಾರರ ಮನೆಯ ಪುಟ್ಟ ಹುಡುಗಿ ನೀರಿನಲ್ಲಿದ್ದಳು. ಹೊನ್ನವ್ವ ಅವಳನ್ನು ಒಂದು ಗಳಿಗೆ ಕೈಬಿಟ್ಟು ಪಕ್ಕದಲ್ಲೇ ನಿಂತಿದ್ದಳು. ಕಟ್ಟಿದ ಹಗ್ಗ ಬಿಚ್ಚಿಹೋಯಿತು. ಬುರುಡೆ ಒಂದು ಕಡೆ ತೇಲಿತು, ಹುಡುಗಿ ಒಂದು ಕಡೆ ಮುಳುಗಿದಳು.

ಮುದುಕ ಕಂಡ. "ಹೊನ್ನವ್ವಾ!" ಎಂದು ಕೂಗಿದ.

ಹೊನ್ನವ್ವ ತಟ್ಟನೆ ದಂಡೆಯ ಕಡೆ ತಿರುಗಿದಳು. ಮಗು ಅವಳ ಬೆನ್ನ ಹಿಂದಾಯಿತು. ಅವನು ಮತ್ತೆ ಕೂಗಿದ. ಅವಳು ಇನ್ನೂ ನೆಟ್ಟಗೆ ನಿಂತು ಅವನನ್ನೇ ನೋಡಿದಳು. ಗಾಬರಿಯಲ್ಲಿ ಅವನ ಬಾಯಿಂದ ಅವಳ ಹೆಸರಲ್ಲದೆ ಬೇರೆ ಮಾತೇ ಬರಲಿಲ್ಲ. ಕೂಗಿದಷ್ಟೂ ಅವಳು ಅವನ ಕಡೆಗೇ ನೋಡುತ್ತಿದ್ದಳು.

ಮುದುಕ ಸೋತ ಕಾಲಿನಲ್ಲೇ ನೀರಿಗೆ ಹಾರಿದ. ಅವನು ಕೈಚಾಚಿದ ಕಡೆ ಅವಳ ದೃಷ್ಟಿ ಹರಿಯಿತು. ಮರುಕ್ಷಣ ಮುಳುಗಿ, ಹುಡುಗಿಯ ಜಡೆ ಹಿಡಿದು ಮೇಲೆತ್ತಿದಳು. ಹುಡುಗಿ ಕೆಮ್ಮಿದಳು, ಕಕ್ಕಿದಳು, ಆಮೇಲೆ ಗಟ್ಟಿಯಾಗಿ ಅತ್ತಳು. ಆ ಅಳು ಕೇಳಿ ಮುದುಕನಿಗೆ ಹೋದ ಜೀವ ಬಂದಂತಾಯಿತು.

ಮಕ್ಕಳೆಲ್ಲ ಮನೆಗೆ ಹೋದರು. ಹೊನ್ನವ್ವ ಒದ್ದೆ ಸೀರೆಯಲ್ಲೇ ಬಂದು ಅವನೆದುರು ಕೂತಳು.

"ನಾಳೆಯಿಂದ ನಾನು ಇಳಿಯುವುದಿಲ್ಲ ಅಜ್ಜಾ. ನನ್ನ ಕೈಲಿ ಆಗುವುದಿಲ್ಲ."

"ಅದು ಆಮೇಲೆ. ನಾನು ಕೂಗಿದಾಗ ನೀನು ಮಗುವಿನ ಕಡೆ ನೋಡದೆ ನನ್ನ ಕಡೆ ಏಕೆ ನೋಡಿದೆ?"

"ಮತ್ತೇನೋ ತಪ್ಪು ಮಾಡಿದೆ ಅಂದುಕೊಂಡೆ. ಯಾವುದು ಅಂತ ಕೇಳಿಸಿಕೊಳ್ಳಲು ನಿಂತೆ."

ಮುದುಕ ದಂಡೆಯ ಮೇಲೆ ಬಿದ್ದಿದ್ದ ಟವೆಲು ತೆಗೆದು ಅವಳ ತಲೆ ಒರೆಸಿದ. ಬಹಳ ಹೊತ್ತು ಒರೆಸಿದ. ಕೊನೆಗೆ, "ನಾಳೆ ಬಾ ತಂಗೀ. ನನಗೋಸ್ಕರ ಬಾ" ಎಂದ.

ಮರುದಿನ ಅವನು ದಂಡೆಯ ಮೇಲೆ ಕೂರಲಿಲ್ಲ. ಕೋಲೂರಿಕೊಂಡು ಕೆಳಗಿನ ಮೆಟ್ಟಿಲಿಗೆ ಇಳಿದು, ಮಕ್ಕಳ ಸಾಲಿನಲ್ಲಿ ನೀರಿಗೆ ಕಾಲು ಬಿಟ್ಟು ಕೂತ. ಅವರ ಬೆನ್ನಿಗೆ ಬುರುಡೆ ಕಟ್ಟಿಕೊಟ್ಟ. ಏನೂ ಹೇಳಲಿಲ್ಲ. ಸಂಜೆ ಹೊನ್ನವ್ವ ತಲೆ ತಗ್ಗಿಸಿ ಬಂದು ನಿಂತಾಗ, "ಇವತ್ತು ಮಕ್ಕಳಲ್ಲಿ ಏನು ಕಂಡೆ?" ಎಂದು ಕೇಳಿದ.

ಅವಳು "ನೀವೇ ಹೇಳಿ ಅಜ್ಜಾ" ಎಂದಳು.

"ನಾನು ಕಂಡದ್ದು ಇರಲಿ. ನೀನು ಕಂಡದ್ದು ಬೇಕು."

ಅವಳು ಅಂದು ಸುಮ್ಮನೆ ಮನೆಗೆ ಹೋದಳು. ಮುಂದೆ ಒಂದು ದಿನ, ಗೌಡರ ಮನೆಯ ಹುಡುಗ ಉಸಿರು ಕಟ್ಟಿಕೊಂಡೇ ನೀರಿಗಿಳಿಯುತ್ತಾನೆ ಎಂದಳು. ಇನ್ನೊಂದು ದಿನ, ಅಕ್ಕತಂಗಿಯರಿಬ್ಬರನ್ನು ಜೊತೆಗೆ ಬಿಟ್ಟರೆ ಇಬ್ಬರೂ ಕಲಿಯುವುದಿಲ್ಲ ಎಂದಳು. ಅವನು "ಹೂಂ, ಮತ್ತೆ?" ಎನ್ನುತ್ತಿದ್ದ. ಅವಳು ಕಂಡದ್ದು ಕೆಲವು ಸಲ ಸರಿಯಿರುತ್ತಿರಲಿಲ್ಲ. ಆಗ, "ನಾಳೆ ಇನ್ನೊಮ್ಮೆ ನೋಡು" ಎನ್ನುತ್ತಿದ್ದ. ಹಗ್ಗದ ಗಂಟಿನಂಥ ಜೀವದ ವಿಷಯವಿದ್ದರೆ ಅಲ್ಲೇ ಹೇಳುತ್ತಿದ್ದ. ಉಳಿದ ಎಷ್ಟೋ ಮಾತು ಗಂಟಲಿನವರೆಗೆ ಬಂದು ನಿಲ್ಲುತ್ತಿತ್ತು. ನುಂಗಿಕೊಳ್ಳುವುದು ಸುಲಭವಿರಲಿಲ್ಲ. ಆ ಹೊಳೆಯನ್ನು ಅವಳಿಗಿಂತ ಅವನು ಹೆಚ್ಚು ಬಲ್ಲ.

ಕುಂಬಾರರ ಹುಡುಗಿ ಮಾತ್ರ ನೀರು ಕಂಡರೆ ಹಿಂದೆ ಸರಿಯುತ್ತಿದ್ದಳು. ಹೊನ್ನವ್ವ ಅವಳನ್ನು ಒತ್ತಾಯ ಮಾಡಲಿಲ್ಲ. ಮೇಲಿನ ಮೆಟ್ಟಿಲಲ್ಲಿ ಕೂರಿಸಿದಳು. ಇಬ್ಬರೂ ಸೇರಿ ಎಲೆಯ ದೋಣಿ ಮಾಡಿ ನೀರಿಗೆ ಬಿಡತೊಡಗಿದರು. ಬೆಳಗಿಗೆ ಬೆಳಗು ದೋಣಿಯಲ್ಲೇ ಕಳೆಯಿತು. ಮುದುಕನಿಗೆ ಇದು ಹಿಡಿಸಲಿಲ್ಲ. ಅವನಾಗಿದ್ದರೆ ಎತ್ತಿಕೊಂಡು ಹೋಗಿ ನೀರಿಗಿಳಿಸುತ್ತಿದ್ದ. ಆದರೂ ಸುಮ್ಮನಿದ್ದ. ಹುಡುಗಿ ದೋಣಿಯ ಹಿಂದೆ ಒಂದು ಮೆಟ್ಟಿಲು ಇಳಿದಳು. ಇನ್ನೂ ಒಂದು ಇಳಿದಳು. ಒಂದು ದಿನ ದೋಣಿ ದೂರ ಹೋಯಿತು. ಹುಡುಗಿ ಹೊನ್ನವ್ವನ ಕೈಬಿಟ್ಟು, ಕಾಲು ಬಡಿಯುತ್ತ ಅದರ ಹಿಂದೆ ಹೋಗಿ ಹಿಡಿದುಕೊಂಡಳು. ಹಿಡಿದ ಮೇಲೆ ತಾನು ಎಲ್ಲಿದ್ದೇನೆಂದು ತಿಳಿದು ನಕ್ಕಳು.

ಹೊನ್ನವ್ವನೂ ನಕ್ಕಳು. ಅವಳು ಹುಡುಗಿಯ ಕಾಲು ಬಡಿಯುವ ರೀತಿ ನೋಡುತ್ತಿದ್ದಳು, ಉಸಿರು ನೋಡುತ್ತಿದ್ದಳು, ಅವಳಿಗೆ ಎಟುಕುವಷ್ಟು ಹತ್ತಿರ ತನ್ನ ಕೈ ಚಾಚಿಕೊಂಡು ಪಕ್ಕದಲ್ಲೇ ಈಜುತ್ತಿದ್ದಳು. ಕೆಳಗಿನ ಮೆಟ್ಟಿಲಲ್ಲಿ ಮುದುಕನೊಬ್ಬ ಇದ್ದಾನೆಂಬುದು ಅವಳಿಗೆ ಮರೆತೇಹೋಗಿತ್ತು. ಮುದುಕ ಅದನ್ನು ಕಂಡ. ಮಕ್ಕಳಿಗೆ ತಿಳಿಯದ ಹಾಗೆ ಟವೆಲಿನಿಂದ ಕಣ್ಣೊರೆಸಿಕೊಂಡ.

ಗುರುಗಳು ಕತೆ ನಿಲ್ಲಿಸಿದರು.

ಮುರಿಗೆಪ್ಪನಿಗೆ ಸಮಾಧಾನವಾಗಲಿಲ್ಲ. "ಹಾಗಾದರೆ ಗುರುಗಳೇ, ತಪ್ಪು ಕಂಡರೂ ಹೇಳಬಾರದೇ? ಚನ್ನವೀರನ ಪಾಠದಲ್ಲಿ ತಪ್ಪುಗಳಿರುವುದು ನಿಜ. ಅವನು ಒಳ್ಳೆಯ ಉಪಾಧ್ಯಾಯನಾಗಲಿ ಎಂದೇ ನಾನು ದಿನವೂ ಹೋಗಿ ಕೂರುವುದು" ಎಂದ.

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟು ಕೇಳಿದರು: "ನೀನು ಹೋಗಿ ಕೂತಾಗ ಚನ್ನವೀರ ಯಾರನ್ನು ನೋಡುತ್ತ ಪಾಠ ಹೇಳುತ್ತಾನೆ, ಮಗೂ?"

"ನನ್ನನ್ನೇ, ಗುರುಗಳೇ" ಎಂದ ಮುರಿಗೆಪ್ಪ.